ಕುಂಕಳ್ಳಿಯ ಮಳೆಗಾಲ, ಲಿಸ್ಬನ್ನಿನ ಬೇಸಿಗೆ ಶಾಲೆ

ಕುಂಕಳ್ಳಿ: ಮಡಗಾಂವದಿಂದ ಕಾರವಾರಕ್ಕೆ ಬರುವ ಬಸ್ಸಿನಲ್ಲಿ ಕುಳಿತವರಿಗೆ ಕುಂಕಳ್ಳಿ ಎಂದರೆ ಹತ್ತು ನಿಮಿಷದ ಊರು. ಪೇಟೆ, ಮೀನಿನ ವಾಸನೆ, ಕೈಗಾರಿಕಾ ವಸಾಹತಿಗೆ ಹೋಗುವ ಕನ್ನಡದ ಕಾರ್ಮಿಕರು, ಮತ್ತೆ ಹೆದ್ದಾರಿ. ಆದರೆ ಈ ಊರಿನ ಹೆಸರು ಸಾವಿರಾರು ಮೈಲಿ ದೂರದ ಲಿಸ್ಬನ್ನಿನಲ್ಲೂ ಇದೆ ಎಂದರೆ ನಂಬುತ್ತೀರಾ? ಇದೆ. ಇಲ್ಲಿಯ ಹುಡುಗನೋ ಹುಡುಗಿಯೋ ಪೋರ್ಚುಗೀಸ್ ಕಲಿಯಲು ಅಲ್ಲಿಗೆ ಹೋದರೆ ಏನು ಸಿಗುತ್ತದೆ, ಏನು ಕಾಡುತ್ತದೆ ಎಂಬುದು ಗಡಿ ಭಾಗದ ಪಾಲಕರು ತಿಳಿಯಬೇಕಾದ ವಿಷಯ.

ಗೋವೆಯ ಕೆಲವು ಪ್ರೌಢಶಾಲೆಗಳಲ್ಲಿ ಪೋರ್ಚುಗೀಸ್ ಒಂದು ಐಚ್ಛಿಕ ಭಾಷೆ. ಗೋವಾ ವಿಶ್ವವಿದ್ಯಾಲಯದಲ್ಲಿ ಅದಕ್ಕೇ ಒಂದು ವಿಭಾಗವಿದೆ. ಹೀಗೆ ಕಲಿತವರಲ್ಲಿ ಕೆಲವರಿಗೆ ಪೋರ್ಚುಗಲ್ ಸರ್ಕಾರದ ಕಾಮೊಯಿಶ್ ಸಂಸ್ಥೆ, ಪಣಜಿಯ ಫೊಂತೈನ್ಯಾಶ್ ಬಡಾವಣೆಯಲ್ಲಿ ಕಚೇರಿ ಇಟ್ಟುಕೊಂಡಿರುವ ಫುಂದಸಾಂವ್ ಓರಿಯೆಂತ್ ಮುಂತಾದವು ವಿದ್ಯಾರ್ಥಿವೇತನ ಕೊಟ್ಟು ಬೇಸಿಗೆ ಕೋರ್ಸಿಗೆ ಕಳಿಸುವುದುಂಟು. ಲಿಸ್ಬನ್ ವಿಶ್ವವಿದ್ಯಾಲಯದ ಸಾಹಿತ್ಯ ವಿಭಾಗ ವಿದೇಶಿಯರಿಗಾಗಿ ಇಂಥ ಕೋರ್ಸು ನಡೆಸುತ್ತದೆ. ಸುಮಾರು ನಾಲ್ಕು ವಾರದ ಪಾಠ. ಮೊದಲು ಪರೀಕ್ಷೆ ಮಾಡಿ, ಬಂದವರ ಭಾಷಾಜ್ಞಾನ ನೋಡಿ ತರಗತಿ ಹಂಚುತ್ತಾರೆ.

ಇಲ್ಲೇ ಮೊದಲ ತೊಡಕು. ನಮ್ಮ ಬೇಸಿಗೆ ರಜೆ ಏಪ್ರಿಲ್-ಮೇ. ಅವರ ಬೇಸಿಗೆ ಜುಲೈ-ಆಗಸ್ಟ್. ಅಂದರೆ ಕುಂಕಳ್ಳಿಯಲ್ಲಿ ಮಳೆ ಸುರಿದು, ಗದ್ದೆಗೆ ಸಸಿ ಬಿದ್ದು, ಕಾಲೇಜು ಭರದಿಂದ ನಡೆಯುತ್ತಿರುವಾಗ ಅಲ್ಲಿ 'ಬೇಸಿಗೆ ಶಾಲೆ'. ಹೋಗುವ ವಿದ್ಯಾರ್ಥಿ ಹಾಜರಾತಿಯ ಮಾತನ್ನು ಪ್ರಾಂಶುಪಾಲರ ಬಳಿ ಮೊದಲೇ ಆಡಿ, ಕಾಗದದಲ್ಲಿ ಬರೆಸಿಕೊಂಡು ಹೋಗುವುದು ಒಳ್ಳೆಯದು. ಬಾಯಿಮಾತಿನ ಒಪ್ಪಿಗೆ ನವೆಂಬರಿನ ಪರೀಕ್ಷೆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ!

ವೀಸಾ ಶೆಂಗೆನ್ ವೀಸಾ. ತೊಂಬತ್ತು ದಿನದ ಒಳಗಿನ ವಾಸಕ್ಕೆ ಅದು ಸಾಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹದಿನೈದು ದಿನ ಮೊದಲಿನ ತನಕ ಅರ್ಜಿ ಹಾಕಬಹುದು. ಆದರೆ ಕೊನೆಯ ಹದಿನೈದು ದಿನಕ್ಕೆ ಉಳಿಸಿಕೊಳ್ಳುವುದು ಜಾಣತನವಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯವಿಮೆ ಕಡ್ಡಾಯ. ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ ಆಗಿದೆ. ವ್ಯಾಸಂಗಕ್ಕೆಂದೇ ಹೋಗುವ ವಿದ್ಯಾರ್ಥಿಗಳಿಗೆ ಆ ಶುಲ್ಕದಿಂದ ವಿನಾಯಿತಿ ಇದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಕೇಳಿ ನೋಡಬೇಕು.

ಇನ್ನು ಭಾಷೆ. ಗಡಿ ಭಾಗದ ನಮ್ಮವರಿಗೆ ಪೋರ್ಚುಗೀಸ್ ಪೂರ್ತಿ ಪರಕೀಯವಲ್ಲ. ನಾವು ಚಾವಿ ಎನ್ನುತ್ತೇವೆ, ಅವರು ಶಾವ್. ನಮ್ಮ ಬಾಲ್ದಿ, ಬಟಾಟೆ, ಪಾವು, ಪಾದ್ರಿ, ಇಗರ್ಜಿ, ಅನಾನಸ್, ಟುವಾಲು ಎಲ್ಲ ಆ ಹಡಗಿನಲ್ಲೇ ಬಂದವು. ಕಾರವಾರ ಕಡೆ ಸರ್ಕಾರಿ ಹರಾಜಿಗೆ ಲಿಲಾವು ಎನ್ನುತ್ತಾರಲ್ಲ, ಅದೂ ಅಲ್ಲಿಯದೇ. ಬೆಳಿಗ್ಗೆ ಸೈಕಲ್ಲಿನ ಹಾರ್ನು ಒತ್ತುತ್ತ ಬರುವ ಗೋವೆಯ ಪೊದೇರನನ್ನು ಲಿಸ್ಬನ್ನಿನಲ್ಲಿ ಪಾದೈರು ಎಂದರೆ ಆಯಿತು.

ಹಾಗೆಂದು ಮೊದಲ ದಿನವೇ ಅಂಗಡಿಯವನ ಮಾತು ತಿಳಿಯುತ್ತದೆ ಎಂದಲ್ಲ. ಲಿಸ್ಬನ್ನಿನವರು ಸ್ವರಗಳನ್ನು ನುಂಗುತ್ತಾರೆ. ಪುಸ್ತಕದಲ್ಲಿ ನಾಲ್ಕು ಅಕ್ಷರ ಇದ್ದರೆ ಕಿವಿಗೆ ಎರಡೇ ಬೀಳುತ್ತದೆ. ಕನ್ನಡದಲ್ಲಿ ಪ್ರತಿ ಪದದ ಕೊನೆಯ ಸ್ವರವನ್ನೂ ಬಾಯಿ ತುಂಬ ಹೇಳಿ ರೂಢಿಯಾದವರಿಗೆ ಇದೇ ದೊಡ್ಡ ಕಷ್ಟ. ಕೊಂಕಣಿ ಮನೆಮಾತಿನವರಿಗೆ ಮೂಗಿನ ಸ್ವರಗಳು ಸಲೀಸು. ಎರಡೂ ಬಲ್ಲ ನಮ್ಮ ಗಡಿಯ ಮಕ್ಕಳು ಒಂದು ಕಾಲು ಮುಂದೆ ಇದ್ದ ಹಾಗೆ. ಧನ್ಯವಾದ ಹೇಳುವುದರಲ್ಲೂ ಒಂದು ಗಮ್ಮತ್ತಿದೆ. ಹೇಳುವವನು ಗಂಡಸಾದರೆ ಒಬ್ರಿಗಾದು, ಹೆಂಗಸಾದರೆ ಒಬ್ರಿಗಾದಾ. ಕೇಳುವವರು ಯಾರು ಎಂಬುದು ಲೆಕ್ಕಕ್ಕಿಲ್ಲ.

ಊಟದ ಬಗ್ಗೆ ಅಮ್ಮಂದಿರ ಚಿಂತೆ ಇದ್ದದ್ದೇ. ಪೋರ್ಚುಗೀಸರು ಯುರೋಪಿನಲ್ಲೇ ಹೆಚ್ಚು ಅನ್ನ ತಿನ್ನುವ ಜನ. ನಮ್ಮ ತಾರ್ಲಿಯ ಬಳಗದ ಮೀನನ್ನು ಜೂನಿನ ಸಂತ ಅಂತೋನಿ ಹಬ್ಬದಲ್ಲಿ ಬೀದಿಬೀದಿಯಲ್ಲಿ ಸುಡುತ್ತಾರೆ. ಮೀನು ತಿನ್ನುವವರಿಗೆ ಚಿಂತೆಯಿಲ್ಲ, ತರಕಾರಿಯವರು ಮಾತ್ರ ಸೂಪಿನಲ್ಲಿ ಏನು ಹಾಕಿದ್ದಾರೆಂದು ಕೇಳಬೇಕು. ಮಾರ್ತಿಂ ಮೊನಿಸ್ ಎಂಬಲ್ಲಿ ದಕ್ಷಿಣ ಏಷ್ಯಾದವರ ಅಂಗಡಿಗಳ ಸಾಲೇ ಇದೆ, ಬೇಳೆ-ಮಸಾಲೆ ಸಿಗುತ್ತದೆ. ಜುಲೈಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಮಗ ಸಂಜೆಯ ತಿರುಗಾಟಕ್ಕೆ ಹೊರಟಾಗ ಇಲ್ಲಿ ಮನೆಯವರು ಮಲಗಿರುತ್ತಾರೆ. ಮೊದಲ ವಾರ ಈ ಒಂಟಿತನವೇ ಪಾಠಕ್ಕಿಂತ ಭಾರ.

ಇಷ್ಟೆಲ್ಲ ಏಕೆ? ನಾಲ್ಕು ವಾರದಲ್ಲಿ ಯಾರೂ ಪಂಡಿತರಾಗುವುದಿಲ್ಲ. ಆದರೆ ಗೋವೆಯ ಜಮೀನಿನ ಹಳೆಯ ಕಾಗದಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಕೊಮುನಿದಾದಿನ ದಾಖಲೆ, ಆಸ್ತಿ ಪಾಲಿನ ಪತ್ರ, ಹಳೆಯ ನೋಂದಣಿ, ಎಲ್ಲ ಪೋರ್ಚುಗೀಸಿನಲ್ಲಿ. 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ನೆರಳು ಇಂದಿಗೂ ಗೋವೆಯ ಕುಟುಂಬ ಕಾನೂನಿನ ಮೇಲಿದೆ. ಅಜ್ಜನ ಪತ್ರ ಓದಲಾಗದೆ ಅನುವಾದಕರ ಬಾಗಿಲಲ್ಲಿ ಕಾಯುವ ಕುಟುಂಬಗಳು ಸಾಲಸೇಟೆಯಲ್ಲಿ ಬಹಳ. ಓದಬಲ್ಲವರಿಗೆ ಕೆಲಸಕ್ಕೆ ಕೊರತೆಯಿಲ್ಲ. ಮೇಲಾಗಿ, ಗೋವೆಯ ಕೆಲವು ಹಳೆಯ ದಾಖಲೆಗಳು ಗೊಯ್ಕಾನಡಿ ಎಂಬ, ಕನ್ನಡಕ್ಕೆ ತೀರ ಹತ್ತಿರದ ಲಿಪಿಯಲ್ಲಿವೆ. ಕನ್ನಡ ಮತ್ತು ಪೋರ್ಚುಗೀಸ್ ಎರಡೂ ಓದಬಲ್ಲವರು ಎಷ್ಟು ಮಂದಿ ಇದ್ದಾರು?

ಲಿಸ್ಬನ್ ವಿಶ್ವವಿದ್ಯಾಲಯದ ಆವರಣದಲ್ಲೇ ತೋರೆ ದೊ ತೊಂಬು ಎಂಬ ರಾಷ್ಟ್ರೀಯ ಪತ್ರಾಗಾರವಿದೆ. ತರಗತಿಯಿಂದ ನಡೆದು ಹೋಗುವಷ್ಟು ಹತ್ತಿರ. ಮಳೆಗಾಲದ ಹಡಗುಗಳ ಜೊತೆ ಗೋವೆಗೂ ಲಿಸ್ಬನ್ನಿಗೂ ಓಡಾಡಿದ ಪತ್ರಗಳ ಸಂಪುಟಗಳಲ್ಲಿ ಒಂದು ಭಾಗ ಅಲ್ಲಿದೆ, ಉಳಿದದ್ದು ಪಣಜಿಯಲ್ಲಿ.

ಕುಂಕಳ್ಳಿಯವರಿಗೆ ಇದು ಬರೀ ಪಾಠವಲ್ಲ. 1583ರ ಜುಲೈಯಲ್ಲಿ ಈ ಊರವರು ದೇವಸ್ಥಾನ ಕೆಡವಿದ ಸಿಟ್ಟಿನಲ್ಲಿ ಐವರು ಜೆಸುಯಿಟ್ ಪಾದ್ರಿಗಳನ್ನು ಕೊಂದರು. ಅವರಲ್ಲಿ ಅಕ್ಬರನ ಆಸ್ಥಾನದಲ್ಲಿ ಇದ್ದು ಬಂದ ರುದೋಲ್ಫೊ ಅಕ್ವಾವಿವಾ ಕೂಡ ಒಬ್ಬರು. ಬಳಿಕ ಸಂಧಾನಕ್ಕೆಂದು ಊರಿನ ನಾಯಕರನ್ನು ಅಸೋಳ್ಣೆಯ ಕೋಟೆಗೆ ಕರೆಸಿ ಪೋರ್ಚುಗೀಸರು ಕೊಂದರು. ಒಬ್ಬ ಮಾತ್ರ ಹೊಳೆಗೆ ಹಾರಿ ಈಜಿ ಕಾರವಾರದ ಕಡೆ ಪಾರಾದ ಎಂಬ ಕಥೆಯನ್ನು ಇಲ್ಲಿಯವರು ಇಂದಿಗೂ ಹೇಳುತ್ತಾರೆ. ಜಮೀನು ಹೋಯಿತು. ಮುಂದೆ 'ಕುಂಕಳ್ಳಿಯ ಕೌಂಟ್' ಎಂಬ ಬಿರುದೇ ಪೋರ್ಚುಗಲ್ಲಿನ ಒಂದು ಮನೆತನಕ್ಕೆ ಸಿಕ್ಕಿತು. ಆ ಕೌಂಟರ ಅರಮನೆ ಇದ್ದದ್ದು ಲಿಸ್ಬನ್ನಿನ ಅಲ್ಫಾಮಾದ ತಪ್ಪಲಲ್ಲಿ, ನದಿಯ ಬದಿಗೆ. 1755ರ ಭೂಕಂಪದ ಪೆಟ್ಟು ತಿಂದ ಆ ಜಾಗದಲ್ಲಿ ಈಗ ಹೋಟೆಲಿದೆ. ಕುಂಕಳ್ಳಿಯ ವಿದ್ಯಾರ್ಥಿ ಅದರ ಮುಂದೆ ನಿಂತು ತನ್ನೂರಿನ ಹೆಸರು ಉಚ್ಚರಿಸಿದರೆ ದಾರಿಹೋಕರಿಗೆ ಏನೂ ತಿಳಿಯಲಿಕ್ಕಿಲ್ಲ.

ಅಂದ ಹಾಗೆ, ಓದಲು ಪರದೇಶಕ್ಕೆ ಹೋದ ಗೆಳೆತನ ಈ ಸೀಮೆಗೆ ಹೊಸತಲ್ಲ. ಪಕ್ಕದ ಅಸೋಳ್ಣೆಯ ಡಾಕ್ಟರ್ ಜುಲಿಯಾಂವ್ ಮೆನೆಜಿಸ್ ಬರ್ಲಿನ್ನಿನಲ್ಲಿ ಓದುವಾಗ ಪರಿಚಯವಾದವರು ರಾಮಮನೋಹರ ಲೋಹಿಯಾ. 1946ರ ಜೂನಿನಲ್ಲಿ ವಿಶ್ರಾಂತಿಗೆಂದು ಆ ಗೆಳೆಯನ ಮನೆಗೆ ಬಂದ ಲೋಹಿಯಾ, ಜೂನ್ 18ರಂದು ಮಡಗಾಂವದಲ್ಲಿ ಸಭೆ ನಡೆಸಿ ಗೋವೆಯ ವಿಮೋಚನಾ ಚಳವಳಿಗೆ ಕಿಡಿ ಹಚ್ಚಿದರು. ಕಾಗೋಡು ಸತ್ಯಾಗ್ರಹಕ್ಕೆ 1951ರಲ್ಲಿ ಸಾಗರಕ್ಕೆ ಬಂದು ಬಂಧನವಾದವರೂ ಇವರೇ.

ಒಂದು ಎಚ್ಚರಿಕೆ. ಬೇಸಿಗೆ ಕೋರ್ಸು ಬೇರೆ, ಪೋರ್ಚುಗೀಸ್ ಪಾಸ್‌ಪೋರ್ಟು ಬೇರೆ. 1961ರ ಡಿಸೆಂಬರ್ 19ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದವರ ಕುಟುಂಬಗಳಿಗೆ ಇರುವ ರಾಷ್ಟ್ರೀಯತೆಯ ದಾರಿಗೂ ಈ ಪ್ರಮಾಣಪತ್ರಕ್ಕೂ ಸಂಬಂಧವಿಲ್ಲ. ಅದನ್ನು ಪಡೆದವರ ಭಾರತೀಯ ಪೌರತ್ವ ಹೋಗುತ್ತದೆ. 2021ರಿಂದ ಆ ಪಾಸ್‌ಪೋರ್ಟಿನಲ್ಲಿ ಇಂಗ್ಲೆಂಡಿಗೆ ಮೊದಲಿನಂತೆ ಹೊಸದಾಗಿ ಹೋಗಿ ನೆಲಸುವಂತೆಯೂ ಇಲ್ಲ. ಕೋರ್ಸಿನ ನೆಪದಲ್ಲಿ 'ಎಲ್ಲ ಮಾಡಿಕೊಡುತ್ತೇವೆ' ಎನ್ನುವ ದಲಾಲರಿಗೆ ಹಣ ಕೊಡಬೇಡಿ. ವಿದ್ಯಾರ್ಥಿವೇತನದ ಸಂಖ್ಯೆ, ಷರತ್ತು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆದ್ದರಿಂದ ಜನವರಿಯಿಂದಲೇ ಪಣಜಿಯ ಕಚೇರಿಗಳಲ್ಲಿ ನೇರವಾಗಿ ವಿಚಾರಿಸುತ್ತಿರಬೇಕು. ಜೊತೆಗೆ ಪಾಸ್‌ಪೋರ್ಟಿನ ಅವಧಿಯನ್ನೂ ನೋಡಿಕೊಳ್ಳಿ: ಯುರೋಪಿನಿಂದ ಹೊರಡುವ ದಿನದ ನಂತರವೂ ಅದು ಮೂರು ತಿಂಗಳು ಚಾಲ್ತಿಯಲ್ಲಿರಬೇಕು.