ಭೂಮಿತಾಯಿಯ ಬಯಕೆಯೂಟ

ಮಾರ್ಗಶಿರದ ಕೊನೆಗೆ ಎಳ್ಳಮಾವಾಸ್ಯೆ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಒಕ್ಕಲು ಮನೆಗಳಲ್ಲಿ ಒಲೆಗೆ ಬಿಡುವಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ ಬುಟ್ಟಿ ತುಂಬುತ್ತವೆ. ಆದರೆ ಮೊದಲ ತುತ್ತು ಮನೆಯವರಿಗಲ್ಲ, ಹೊಲಕ್ಕೆ.

ಹಿಂಗಾರಿ ಜೋಳ ತೆನೆಗಟ್ಟುವ ಕಾಲವಿದು. ಒಕ್ಕಲಿಗನ ಕಣ್ಣಿಗೆ ಅಂಥ ಬೆಳೆ ಬಸುರಿ. ಬಸುರಿಯ ಬಯಕೆ ತೀರಿಸಬೇಕು. ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ತಂದ ಅಡುಗೆಯಲ್ಲಿ ಸ್ವಲ್ಪವನ್ನು ಹೊಲದ ತುಂಬ ಚೆಲ್ಲುತ್ತಾರೆ. ಇದೇ ಚರಗ. ಬಂಧುಬಳಗದ ಊಟ ಆಮೇಲೆ.

ಆ ಬುಟ್ಟಿಯ ಚರಿತ್ರೆಯೂ ಸ್ವಾರಸ್ಯಕರ. ಎಳ್ಳು ಈ ನೆಲದ್ದೇ. ಹರಪ್ಪದ ಉತ್ಖನನದಲ್ಲಿ ಕರಕಾದ ಎಳ್ಳುಕಾಳು ಸಿಕ್ಕಿವೆ. ಸಜ್ಜೆ ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಆಫ್ರಿಕಾದಿಂದ ಬಂದದ್ದು. ಶೇಂಗಾ, ಮೆಣಸಿನಕಾಯಿ ಅಮೆರಿಕ ಖಂಡದವು. 1498ರಲ್ಲಿ ಪೋರ್ಚುಗೀಸರು ಕಾಲಿಟ್ಟ ನಂತರವಷ್ಟೇ ನಮ್ಮವಾದವು. ಹೊಸದಾಗಿ ಬಂದ ಬೆಳೆಗಳಿಗೂ ಚರಗದಲ್ಲಿ ಪಾಲು ದೊರೆಯಿತು.

ಈಗಿನ ಬದಲಾವಣೆ ಬೇರೆ ಬಗೆಯದು. 1897ರ ಧುಪದಾಳ ಅಣೆಕಟ್ಟೆ, 1970ರ ದಶಕದ ಹಿಡಕಲ್ ಜಲಾಶಯಗಳಿಂದ ಘಟಪ್ರಭೆಯ ನೀರು ಹರಿದ ಕಡೆ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಕಬ್ಬು ಕೈತುಂಬ ಹಣ ಕೊಟ್ಟಿತು, ನಿಜ. ಆದರೆ ಕಬ್ಬೇ ತುಂಬಿದ ಹೊಲದವರು ಚರಗಕ್ಕೆ ಬೇಕಾದ ಸಜ್ಜೆ, ಎಳ್ಳನ್ನು ಸಂತೆಯಿಂದ ತರಬೇಕು. ತಾನು ಬೆಳೆದದ್ದನ್ನೇ ತಾನು ಉಣ್ಣುತ್ತಿದ್ದ ಭೂಮಿತಾಯಿಗೆ ಈಗ ಕೊಂಡು ತಂದ ಊಟ. ಬದುವಿನಗುಂಟ ನಾಲ್ಕು ಸಾಲು ಸಜ್ಜೆ, ಎಳ್ಳು ಬಿತ್ತಿದರೂ ಸಾಕು, ಆಕೆಯ ಬಯಕೆ ಆಕೆಯ ಮಡಿಲಲ್ಲೇ ತೀರೀತು.