ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳೆಯ ಮೋಟಾರು ಸೈಕಲ್ಲಿನ ಬ್ಯಾಟರಿಯ ವಿಚಾರ

ಕೈ ಬದಲಾದ ಮೋಟಾರು ಸೈಕಲ್ಲೊಂದು ಮನೆಯಂಗಳಕ್ಕೆ ಬಂದ ಮೊದಲ ವಾರ ಹಬ್ಬದಂತೆ ಕಳೆಯುತ್ತದೆ. ಎರಡನೆಯ ವಾರದ ಒಂದು ಮುಂಜಾನೆ ಅದು ಮೌನವ್ರತ ಹಿಡಿಯುತ್ತದೆ. ಯಜಮಾನ ಹತ್ತು ಸಲ ಒದೆಯುತ್ತಾನೆ, ಇಪ್ಪತ್ತು ಸಲ ಒದೆಯುತ್ತಾನೆ. ಅಂಗಿ ಬೆವರಿನಿಂದ ತೊಯ್ಯುತ್ತದೆಯೇ ಹೊರತು ಎಂಜಿನ್ನು ಕೆಮ್ಮುವುದೂ ಇಲ್ಲ. ಕಚೇರಿಯ ವೇಳೆ ಮೀರುತ್ತದೆ. ನೆರೆದವರು ಒಕ್ಕೊರಲಿನಿಂದ ಕೊಡುವ ತೀರ್ಪು ಒಂದೇ: “ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ.” ಸಂಬಳದ ಹಣದಲ್ಲಿ ಹೊಸದು ಬರುತ್ತದೆ. ತಿಂಗಳು ತುಂಬುವಷ್ಟರಲ್ಲಿ ಅದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಸಾರ್ಥಕವಾಗುವುದು ಇಲ್ಲಿಯೇ.

ಇದಕ್ಕೆ ಮೈಸೂರಿನ ಜಾವಾಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಸಹಕಾರದಿಂದ ಐಡಿಯಲ್ ಜಾವಾ ಕಾರ್ಖಾನೆಯು ಮೈಸೂರಿನಲ್ಲಿ ೧೯೬೧ರಲ್ಲಿ ವಾಹನಗಳ ತಯಾರಿಕೆಯನ್ನು ಆರಂಭಿಸಿತು. ೧೯೭೦ರ ದಶಕದಲ್ಲಿ ಆ ವಾಹನಗಳು ಯೆಜ್ಡಿ ಎಂಬ ಹೆಸರನ್ನು ತಳೆದವು. ೧೯೯೬ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ೨೦೧೮ರಲ್ಲಿ ಜಾವಾ ಎಂಬ ಹೆಸರು ಮಾರುಕಟ್ಟೆಗೆ ಮರಳಿತಾದರೂ ಆ ಯಂತ್ರಗಳೇ ಬೇರೆ. ಹೀಗಾಗಿ ಇಂದು ಮೈಸೂರಿನ ಜಾವಾ ಬೇಕೆನ್ನುವವನು ಇನ್ನೊಬ್ಬರು ಬಳಸಿದ್ದನ್ನೇ ಕೊಳ್ಳಬೇಕು. ಅದರ ಮೂಲ ಡೈನಮೋ, ರೆಗ್ಯುಲೇಟರುಗಳನ್ನು ಹೊಸದಾಗಿ ಮಾಡಿಕೊಡುವ ಆ ಕಾರ್ಖಾನೆ ಇಂದಿಲ್ಲ. ರೋಗವನ್ನರಿಯದೆ ಒಳ್ಳೆಯ ಭಾಗವನ್ನು ಕಿತ್ತೆಸೆದರೆ ನಷ್ಟ ಹಣದ್ದು ಮಾತ್ರವಲ್ಲ.

ಆರು ವೋಲ್ಟಿನ ಸಂಸಾರ

ಹಳೆಯ ಜಾವಾದಲ್ಲಿ ಎಂಜಿನ್ನನ್ನು ತಿರುಗಿಸುವುದು ಸವಾರನ ಕಾಲು. ಆಗ ಬ್ಯಾಟರಿಗಿರುವ ಕೆಲಸ ಒಂದೇ: ಇಗ್ನಿಷನ್ ಕಾಯಿಲಿಗೆ ವಿದ್ಯುತ್ತನ್ನು ಒದಗಿಸುವುದು. ಕಾಯಿಲು ಆರು ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿಸುತ್ತದೆ. ಎಂಜಿನ್ನು ಓಡತೊಡಗಿದ ಮೇಲೆ ಡೈನಮೋ ದೀಪಕ್ಕೂ ಕಿಡಿಗೂ ಬೇಕಾದ ವಿದ್ಯುತ್ತನ್ನು ಉತ್ಪಾದಿಸಿ, ಮಿಕ್ಕಿದ್ದನ್ನು ಬ್ಯಾಟರಿಗೆ ತುಂಬುತ್ತದೆ.

ಆರು ವೋಲ್ಟಿನ ವ್ಯವಸ್ಥೆಗೆ ಒಂದು ಬಡತನವುಂಟು. ಒಂದೇ ಪ್ರಮಾಣದ ಬೆಳಕಿಗೆ ಹನ್ನೆರಡು ವೋಲ್ಟಿನ ವಾಹನದಲ್ಲಿ ಹರಿಯುವುದರ ಎರಡರಷ್ಟು ಕರೆಂಟು ಇಲ್ಲಿ ಹರಿಯಬೇಕು. ತುಕ್ಕು ಹಿಡಿದ ಒಂದು ಜೋಡಣೆ ಅಲ್ಲಿ ಕಾಲು ವೋಲ್ಟನ್ನು ನುಂಗಿದರೆ, ಅಷ್ಟೇ ತುಕ್ಕು ಇಲ್ಲಿ ಅರ್ಧ ವೋಲ್ಟನ್ನು ನುಂಗುತ್ತದೆ. ಅದೂ ಇರುವ ಆರರಲ್ಲಿ! ಆದ್ದರಿಂದ ಹೊಸ ಬ್ಯಾಟರಿಯ ಮಾತೆತ್ತುವ ಮುನ್ನ ಎರಡು ತುದಿಗಳನ್ನೂ, ಚೌಕಟ್ಟಿಗೆ ಬಿಗಿದ ತಂತಿಯ ಬುಡವನ್ನೂ ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯುವುದು ವಿವೇಕ. ಖರ್ಚು ಒಂದು ತುಂಡು ಮರಳು ಕಾಗದ.

ಮೊದಲು ನಾಡಿ ಹಿಡಿಯಬೇಕು

ಆರು ವೋಲ್ಟಿನ ಬ್ಯಾಟರಿಯಲ್ಲಿ ಮೂರು ಕೋಶಗಳಿರುತ್ತವೆ. ಪ್ರತಿಯೊಂದರದೂ ಸುಮಾರು ೨.೧ ವೋಲ್ಟು. ತುಂಬಿದ ಬ್ಯಾಟರಿ ಕೆಲವು ಗಂಟೆ ವಿಶ್ರಮಿಸಿದ ಬಳಿಕ ೬.೩ ವೋಲ್ಟಿನ ಆಸುಪಾಸು ತೋರಿಸಬೇಕು. ೬ಕ್ಕಿಂತ ಕೆಳಗಿಳಿದರೆ ಅದು ಬಹುಮಟ್ಟಿಗೆ ಬರಿದಾಗಿದೆ ಎಂದರ್ಥ. ಸುಮಾರು ೪.೨ರಲ್ಲಿ ನಿಂತು ಮೇಲೇಳದಿದ್ದರೆ ಒಂದು ಕೋಶವೇ ಸತ್ತಿರುವ ಸಂಭವ ಹೆಚ್ಚು.

ವಿಶ್ರಾಂತಿಯಲ್ಲಿರುವವನ ನಾಡಿ ಮಾತ್ರ ನೋಡಿದರೆ ಸಾಲದು; ಹೊರೆ ಹೊರಿಸಿಯೂ ನೋಡಬೇಕು. ಮುಂದೀಪವನ್ನು ಬೆಳಗಿಸಿ ಮಾಪಕವನ್ನು ಗಮನಿಸಿದರೆ, ಆರೋಗ್ಯವಂತ ಬ್ಯಾಟರಿ ತುಸು ತಗ್ಗಿ ಅಲ್ಲಿಯೇ ನಿಲ್ಲುತ್ತದೆ. ರೋಗಿಯು ನೋಡನೋಡುತ್ತಲೇ ಕುಸಿಯುತ್ತದೆ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರು ಇನ್ನೂ ಖಚಿತವಾದ ಸಾಕ್ಷಿ ನುಡಿಯುತ್ತದೆ. ತುಂಬಿದ ಕೋಶದ ಆಮ್ಲದ ಸಾಂದ್ರತೆ ೧.೨೬ರ ಸುಮಾರು, ಬರಿದಾದಾಗ ೧.೧೨ರ ಸುಮಾರು. ಮೂರೂ ಕೋಶಗಳು ಒಟ್ಟಿಗೆ ತಗ್ಗಿದ್ದರೆ ಬ್ಯಾಟರಿಗೆ ಹಸಿವಾಗಿದೆ ಅಷ್ಟೆ. ಎರಡು ಏರಿದ್ದು ಒಂದು ಮಾತ್ರ ಬಹಳ ತಗ್ಗಿದ್ದರೆ ಬ್ಯಾಟರಿಯನ್ನು ಬದಲಿಸಲೇಬೇಕು. ಬರಿದಾಗಿಯೇ ತಿಂಗಳುಗಟ್ಟಲೆ ಮೂಲೆಗೆ ಬಿದ್ದಿದ್ದರೆ ಸೀಸದ ಫಲಕಗಳ ಮೇಲೆ ಗಟ್ಟಿಯಾದ ಸಲ್ಫೇಟು ಕುಳಿತಿರುತ್ತದೆ. ಅಂಥದಕ್ಕೆ ಮರುಜನ್ಮ ಅಪರೂಪ.

ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಕೋಶಗಳಲ್ಲಿ ಮಟ್ಟ ತಗ್ಗಿದಾಗ ಸೇರಿಸಬೇಕಾದದ್ದು ಬಟ್ಟಿಯಿಳಿಸಿದ ನೀರನ್ನೇ ಹೊರತು ಆಮ್ಲವನ್ನಲ್ಲ. ವಿದ್ಯುತ್ತು ತುಂಬುತ್ತಿರುವ ಬ್ಯಾಟರಿಯಿಂದ ಹೊಮ್ಮುವ ಜಲಜನಕ ಒಂದು ಬೀಡಿಯ ಕಿಡಿಗೂ ಸ್ಫೋಟಿಸಬಲ್ಲದು. ಆಗ ಮುಖಕ್ಕೆ ಎರಚುವುದು ಗಂಧಕಾಮ್ಲ. ಕಣ್ಣಿಗಿಂತ ಬೆಲೆಯುಳ್ಳ ಮೋಟಾರು ಸೈಕಲ್ಲು ಇನ್ನೂ ಹುಟ್ಟಿಲ್ಲ.

ಊಟ ಸೇರುತ್ತಿದೆಯೆ?

ಬ್ಯಾಟರಿ ಗಟ್ಟಿಯಾಗಿದ್ದೂ ಪದೇ ಪದೇ ಬರಿದಾಗುತ್ತಿದ್ದರೆ ತಪ್ಪು ಬಡಿಸುವವನದು. ಕೀಲಿ ತಿರುಗಿಸಿದೊಡನೆ ಹೊತ್ತುವ ಕೆಂಪು ದೀಪ ಎಂಜಿನ್ನಿನ ವೇಗ ಏರಿದಂತೆ ಆರಬೇಕು. ಆರದಿದ್ದರೆ ಡೈನಮೋ ದುಡಿಯುತ್ತಿಲ್ಲ. ಅದು ಆರಿದರೂ ಮಾಪಕದ ಮಾತನ್ನು ಕೇಳಬೇಕು: ಮಧ್ಯಮ ವೇಗದಲ್ಲಿ ಬ್ಯಾಟರಿಯ ತುದಿಗಳಲ್ಲಿ ಸುಮಾರು ೭ ವೋಲ್ಟು ಕಾಣಿಸಬೇಕು. ಏರಿಕೆಯೇ ಇಲ್ಲದಿದ್ದರೆ ಸವೆದ ಇಂಗಾಲದ ಬ್ರಷ್ಷು, ಕೊಳೆ ಕಟ್ಟಿದ ಕಮ್ಯುಟೇಟರು, ಸಡಿಲಗೊಂಡ ತಂತಿ ಇವನ್ನು ಇದೇ ಕ್ರಮದಲ್ಲಿ ನೋಡಿ, ಕಡೆಗೆ ರೆಗ್ಯುಲೇಟರಿನ ಮೇಲೆ ಕೈಯಿಡಬೇಕು. ಏರಿಕೆ ಮಿತಿಮೀರಿ ನೀರು ಬೇಗ ಬತ್ತುತ್ತಿದ್ದರೆ ರೆಗ್ಯುಲೇಟರು ಅಂಕೆ ತಪ್ಪಿದೆ. ಅದು ಅಜೀರ್ಣದ ರೋಗ.

ನಗರದ ಸವಾರಿಗೂ ಇದರಲ್ಲಿ ಪಾಲುಂಟು. ಮಾರುಕಟ್ಟೆಗೆ ಒಂದು ಮೈಲಿ, ದೇವಸ್ಥಾನಕ್ಕೆ ಅರ್ಧ ಮೈಲಿ ಎಂದು ಮೆಲ್ಲನೆ ಓಡಿಸಿ, ಸಂಜೆ ದೀಪ ಉರಿಸಿದರೆ ಡೈನಮೋ ದುಡಿದದ್ದು ಅಲ್ಲಿಂದಲ್ಲಿಗೇ ಸರಿಹೋಗುತ್ತದೆ. ಆಗ ಕೆಟ್ಟಿರುವುದು ಯಂತ್ರವಲ್ಲ, ಜಮಾಖರ್ಚು.

ಕಳ್ಳಗಂಡಿ

ರಾತ್ರಿ ತುಂಬಿದ್ದ ಬ್ಯಾಟರಿ ಬೆಳಗಾಗುವಾಗ ಬರಿದಾಗಿದ್ದರೆ ಎಲ್ಲಿಯೋ ಸೋರಿಕೆಯಿದೆ. ಕೀಲಿಯನ್ನು ತೆಗೆದು, ಚೌಕಟ್ಟಿಗೆ ಹೋಗುವ ತಂತಿಯನ್ನು ಬ್ಯಾಟರಿಯಿಂದ ಬಿಚ್ಚಿ, ನಡುವೆ ಒಂದು ಪುಟ್ಟ ಬಲ್ಬನ್ನು ಸೇರಿಸಿದರೆ ಅದು ಹೊತ್ತಬಾರದು. ಹೊತ್ತಿತೆಂದರೆ ಕಳ್ಳನಿದ್ದಾನೆ. ಒಂದೊಂದೇ ತಂತಿಯನ್ನು ಬಿಡಿಸುತ್ತ ಹೋಗಿ, ಯಾವುದನ್ನು ತೆಗೆದಾಗ ಬಲ್ಬು ಆರುವುದೋ ಅಲ್ಲಿ ಹುಡುಕಬೇಕು. ಸಣ್ಣ ಸೋರಿಕೆಗೆ ಬಲ್ಬು ಮಿಣುಕದೆ ಹೋಗಬಹುದು. ಅದನ್ನು ಹಿಡಿಯಲು ಆಂಪಿಯರ್ ಮಾಪಕವೇ ಬೇಕು. ಸಿಪ್ಪೆ ಸುಲಿದು ಚೌಕಟ್ಟಿಗೆ ತಾಗಿದ ತಂತಿ, ರೆಗ್ಯುಲೇಟರಿನಲ್ಲಿ ಅಂಟಿಕೊಂಡ ಕಟ್‌ಔಟು ಇವೇ ಸಾಮಾನ್ಯವಾಗಿ ಸಿಕ್ಕಿಬೀಳುವ ಅಪರಾಧಿಗಳು. ಕಟ್‌ಔಟು ಅಂಟಿದರೆ ಬ್ಯಾಟರಿಯು ನಿಂತ ಡೈನಮೋವಿಗೆ ಹಿಮ್ಮುಖವಾಗಿ ಹರಿದು ಬರಿದಾಗುತ್ತದೆ. ಎಂಜಿನ್ನು ನಿಂತ ಮೇಲೂ ಕೀಲಿಯನ್ನು ತೆರೆದಿಡುವ ಮರೆವು ಇನ್ನೊಂದು ಗಂಡಿ. ಪಾಯಿಂಟು ಕೂಡಿಕೊಂಡಿದ್ದರೆ ಕಾಯಿಲೂ ಕಾದು ಹಾಳಾಗುತ್ತದೆ.

ಕಿಡಿಯ ಬಣ್ಣ

ಬ್ಯಾಟರಿ ನಿರ್ದೋಷಿ ಎಂದು ತೀರ್ಮಾನವಾದ ಮೇಲೆ ಪ್ಲಗ್ಗನ್ನು ತೆಗೆದು, ತಂತಿಗೆ ಸಿಕ್ಕಿಸಿ, ಸಿಲಿಂಡರಿನ ಲೋಹಕ್ಕೆ ತಾಗಿಸಿಟ್ಟು ಒದೆಯಬೇಕು. ಪೆಟ್ರೋಲಿನ ಆವಿಯಿಂದ ಅದು ದೂರವಿರಲಿ. ನೀಲಿಯಾದ ದಪ್ಪ ಕಿಡಿ ಚಟ್ಟನೆ ಸಿಡಿದರೆ ವಿದ್ಯುತ್ತಿನ ಪಾಲಿನ ಕೆಲಸ ಮುಗಿದಿದೆ. ಪೆಟ್ರೋಲು, ಗಾಳಿಗಳ ವಿಚಾರಣೆ ನಡೆಯಲಿ. ಕೆಂಪಗೆ ಬಡಕಲಾಗಿದ್ದರೆ ಅಥವಾ ಕಿಡಿಯೇ ಇಲ್ಲದಿದ್ದರೆ, ಮೊದಲು ಪ್ಲಗ್ಗನ್ನೇ ಬದಲಿಸಿ ನೋಡುವುದು ಲೇಸು. ಪೆಟ್ರೋಲಿನೊಡನೆ ಎಣ್ಣೆ ಕುಡಿಯುವ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ಲಗ್ಗು ಮಸಿ ಹಿಡಿಯುವುದು ಸಹಜ. ಬಳಿಕ ಪಾಯಿಂಟುಗಳು: ಅವುಗಳ ನಡುವಿನ ತೆರಪು ೦.೪ ಮಿಲಿಮೀಟರ್ ಇರಬೇಕು, ಮುಖ ಶುಭ್ರವಾಗಿರಬೇಕು. ಅವು ಪದೇ ಪದೇ ಸುಡುತ್ತಿದ್ದರೆ ಕಂಡೆನ್ಸರಿನ ಮೇಲೆ ಸಂಶಯಪಡುವುದು ನ್ಯಾಯ.

ಕೊಳ್ಳುವ ಮುನ್ನ

ಮಾರುವವನು ಮುಂಚೆಯೇ ಎಂಜಿನ್ನನ್ನು ಬಿಸಿ ಮಾಡಿ, ಬ್ಯಾಟರಿಯನ್ನು ರಾತ್ರಿಯಿಡೀ ತುಂಬಿಸಿ ಕಾದಿರಬಹುದು. ಆದ್ದರಿಂದ ಜಾಣನು ಮೊದಲು ಸಿಲಿಂಡರಿನ ಹತ್ತಿರ ಕೈಯೊಡ್ಡಿ ಅದು ತಣ್ಣಗಿದೆಯೇ ಎಂದು ನೋಡುತ್ತಾನೆ. ಐದು ನಿಮಿಷ ಮುಂದೀಪ ಉರಿಸಿ, ಆರಿಸಿ, ಆಮೇಲೆ ಒದೆಯುತ್ತಾನೆ. ಎಂಜಿನ್ನು ಓಡುವಾಗ ಕೆಂಪು ದೀಪ ಆರುವುದನ್ನು ಕಾಣುತ್ತಾನೆ. ಇದಕ್ಕೆ ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಮರಳುವುದೇ ಲಾಭ.

ಹನ್ನೆರಡು ವೋಲ್ಟಿನ ಈಚಿನ ವಾಹನಗಳಿಗೂ ಇದೇ ಶಾಸ್ತ್ರ. ಅಂಕಿಗಳು ಮಾತ್ರ ಇಮ್ಮಡಿ. ವಿಶ್ರಾಂತಿಯಲ್ಲಿ ೧೨.೬, ಓಟದಲ್ಲಿ ೧೪ರ ಸುಮಾರು. ಗುಂಡಿ ಒತ್ತಿದಾಗ ಬರಿಯ ಟಿಕ್ ಟಿಕ್ ಸದ್ದು ಬಂದರೆ ಮೊದಲ ಸಂಶಯ ಬ್ಯಾಟರಿ ಮತ್ತು ಅದರ ತುದಿಗಳ ಮೇಲೆ. ವಾಹನ ಯಾವುದಾದರೂ ಕ್ರಮ ಒಂದೇ: ಜೋಡಣೆ, ಬ್ಯಾಟರಿ, ಡೈನಮೋ, ಸೋರಿಕೆ, ಕಿಡಿ. ಈ ಐದರ ಸಾಕ್ಷ್ಯ ಮುಗಿಯುವ ತನಕ ಕೈಚೀಲದ ಬಾಯಿ ಮುಚ್ಚಿರಲಿ.