ವಿಶ್ವಾಸದ ಹಾದಿಯಲ್ಲಿ ನಮ್ಮ ಕ್ರೈಸ್ತ ಬಂಧುಗಳು

ಘಣಸೋಲಿ, ರಬಾಳೆ, ಕೋಪರ್‌ಖೈರಣೆ, ಐರೋಲಿ ಪರಿಸರದ ತುಳು-ಕನ್ನಡಿಗರ ಬದುಕು ಎಂದಾಗ ನಮ್ಮ ಕಣ್ಣೆದುರಿಗೆ ಬರುವುದು ಭಜನಾ ಮಂಡಳಿ, ಶನಿಪೂಜೆ, ಯಕ್ಷಗಾನ, ಅರಸಿನ ಕುಂಕುಮ, ರಾಜ್ಯೋತ್ಸವ ಇತ್ಯಾದಿ. ಆದರೆ ಅದೇ ಕಟ್ಟಡದ ಎದುರು ಬಾಗಿಲಿನಲ್ಲಿ ಡಿಸೋಜ, ಪಿಂಟೊ, ಸೋನ್ಸ್ ಎಂಬ ಹೆಸರಿನ ಫಲಕಗಳೂ ಇರುತ್ತವೆ. ಅವರ ಊರೂ ಉಡುಪಿ, ಕಾರ್ಕಳ, ಮೂಲ್ಕಿ, ಮಂಗಳೂರೇ. ನಮ್ಮೊಂದಿಗೆ ತುಳುವಿನಲ್ಲಿ ಮಾತನಾಡುತ್ತಾರೆ, ಸಂಘದ ಸದಸ್ಯತ್ವ ಶುಲ್ಕವನ್ನು ತಪ್ಪದೆ ಕಟ್ಟುತ್ತಾರೆ. ಕ್ರಿಸ್ಮಸ್ ಬಂದಾಗ ನೆವ್ರಿ, ಕಿಡಿಯೊ, ಗುಳಿಯೊ ತುಂಬಿದ ಕುಸ್ವಾರದ ತಟ್ಟೆ ನಮ್ಮ ಮನೆಗೂ ಬರುತ್ತದೆ. ಆ ತಟ್ಟೆಗೆ ಸಕ್ಕರೆ ಹಾಕಿ ಹಿಂದಿರುಗಿಸುವ ನಾವು, ಅವರ ವಿಶ್ವಾಸದ ಬದುಕಿನ ಬಗ್ಗೆ ತಿಳಿದುಕೊಂಡಿರುವುದು ಮಾತ್ರ ಬಹಳ ಕಡಿಮೆ.

ಧರ್ಮಗುರುಗಳು, ಬಿಷಪರು, ದೊಡ್ಡ ಇಗರ್ಜಿಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಸಾಮಾನ್ಯ ಕ್ರೈಸ್ತನೊಬ್ಬ ದೇವರನ್ನು ಹೇಗೆ ಕಂಡುಕೊಂಡ, ಅದಕ್ಕಾಗಿ ಏನನ್ನು ಕಳೆದುಕೊಂಡ, ಕಷ್ಟದ ದಿನಗಳಲ್ಲಿ ಆ ನಂಬಿಕೆ ಹೇಗೆ ಬೆಳೆಯಿತು ಎನ್ನುವುದು ಯಾವ ವರದಿಯಲ್ಲೂ ಬರುವುದಿಲ್ಲ. ಅಂಥ ಕೆಲವು ಹಾದಿಗಳನ್ನು ಸಂಘದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ತೆನೆಹಬ್ಬದ ನಂಟು

ಮಂಗಳೂರಿನ ಕಥೊಲಿಕರ ಮನೆಮಾತು ಕೊಂಕಣಿ. ಆದರೆ ಪ್ರಾರ್ಥನೆಯ ಪುಸ್ತಕ ಇರುವುದು ಕನ್ನಡ ಲಿಪಿಯಲ್ಲಿ. 1938ರಲ್ಲಿ ಮಂಗಳೂರಿನಲ್ಲಿ ಆರಂಭವಾದ 'ರಾಕ್ಣೊ' ವಾರಪತ್ರಿಕೆಯೂ ಕನ್ನಡ ಲಿಪಿಯ ಕೊಂಕಣಿಯದೇ. ಅಂದರೆ ಇವರು ದೇವರನ್ನು ಕರೆಯಲು ಕಲಿತದ್ದು ನಮ್ಮ ಅಕ್ಷರಗಳಿಂದ.

ಪ್ರತಿವರ್ಷ ಸೆಪ್ಟೆಂಬರ್ 8ರಂದು ಇವರು ಆಚರಿಸುವ ಮೋಂತಿ ಹಬ್ಬ ಮಾತೆ ಮರಿಯಳ ಜನ್ಮದಿನವೂ ಹೌದು, ತೆನೆಹಬ್ಬವೂ ಹೌದು. 1763ರಲ್ಲಿ ಫರಂಗಿಪೇಟೆಯ ಮೋಂತ್ ಮರಿಯಾನೊದಲ್ಲಿ ಫಾದರ್ ಜೋಕಿಂ ಮಿರಾಂದಾ ಅವರಿಂದ ಇದು ಆರಂಭವಾಯಿತು ಎನ್ನಲಾಗುತ್ತದೆ. ಮಕ್ಕಳು ಮರಿಯಳ ಮೂರ್ತಿಗೆ ಹೂ ಎರಚುತ್ತಾರೆ, ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತರುತ್ತಾರೆ, ಹೊಸ ಭತ್ತದ ಕಾಳುಗಳನ್ನು ಪಾಯಸಕ್ಕೋ ಹಾಲಿಗೋ ಬೆರೆಸಿ ಹಿರಿಯರು ಮನೆಮಂದಿಗೆಲ್ಲ ಹಂಚುತ್ತಾರೆ. ಅಂದು ಬಾಳೆಎಲೆಯಲ್ಲಿ ತರಕಾರಿಯ ಊಟ. ನಮ್ಮ ಕೊರಳ್ ಪರ್ಬ, ಪುದ್ವಾರ್ ಊಟಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನವಿಮುಂಬಯಿಯ ಫ್ಲಾಟಿನಲ್ಲಿ ಗದ್ದೆಯಿಲ್ಲ, ಕಣಜವಿಲ್ಲ. ಆದರೂ ಹತ್ತು ಕಾಳು ತೆನೆಗಾಗಿ ಮನೆಯವರೆಲ್ಲ ಅಂದು ಒಟ್ಟಿಗೆ ಕುಳಿತುಕೊಳ್ಳುತ್ತಾರೆ.

ಈ ಹಬ್ಬವನ್ನು ಉಳಿಸಿಕೊಂಡವರ ಹಿಂದಿನ ತಲೆಮಾರುಗಳು ಸುಖದಲ್ಲಿ ಬದುಕಿದವರಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ತೀರಿಕೊಂಡರು. 1799ರಲ್ಲಿ ಬಿಡುಗಡೆಯಾಗಿ ಊರಿಗೆ ಮರಳಿದವರಿಗೆ ಭೂಮಿಯೂ ಇರಲಿಲ್ಲ, ಹೆಚ್ಚಿನ ಇಗರ್ಜಿಗಳೂ ಉಳಿದಿರಲಿಲ್ಲ. ಹದಿನೈದು ವರ್ಷ ಕಾಲ ಆ ಜನ ನಂಬಿಕೆಯನ್ನು ಕಾಪಾಡಿಕೊಂಡದ್ದು ಕಟ್ಟಡದಲ್ಲಲ್ಲ, ಅಜ್ಜಿ ಮೊಮ್ಮಕ್ಕಳಿಗೆ ಬಾಯಿಪಾಠ ಹೇಳಿಕೊಟ್ಟ ಪ್ರಾರ್ಥನೆಯಲ್ಲಿ.

ಕಸುಬು ಬಿಟ್ಟು ಬಂದವರು

ಸೋನ್ಸ್, ಅಮ್ಮನ್ನ ಮುಂತಾದ ಪ್ರೊಟೆಸ್ಟಂಟ್ ಮನೆತನಗಳ ಕಥೆ ಬೇರೆಯೇ. 1834ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದಿಳಿದರು. ಅವರ ಬಳಗದ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ್ದು, ಕಿಟ್ಟೆಲ್ 1894ರಲ್ಲಿ ಕನ್ನಡ ನಿಘಂಟನ್ನು ಕೊಟ್ಟದ್ದು ಎಲ್ಲರಿಗೂ ಗೊತ್ತು. 1886ರ ಮ್ಯಾನರ್ ಅವರ ತುಳು ನಿಘಂಟೂ ಉಲ್ಲೇಖನೀಯ. ಆದರೆ ಆ ಕಾಲದಲ್ಲಿ ಕ್ರೈಸ್ತರಾದ ಸಾಮಾನ್ಯ ಜನರ ಪಾಡು ಏನಾಯಿತು ಎಂದು ನಾವು ಕೇಳುವುದಿಲ್ಲ.

ಕರಾವಳಿಯಲ್ಲಿ ಹೀಗೆ ಬಂದವರಲ್ಲಿ ಹೆಚ್ಚಿನವರು ಬಿಲ್ಲವ ಬಂಧುಗಳು. ಮಿಶನ್ನಿನವರು ಶೇಂದಿ ಇಳಿಸುವುದನ್ನು ಒಪ್ಪುತ್ತಿರಲಿಲ್ಲ. ದೀಕ್ಷಾಸ್ನಾನ ಪಡೆದವನಿಗೆ ಹಿರಿಯರಿಂದ ಬಂದ ಕಸುಬು ಹೋಯಿತು, ಅನೇಕರಿಗೆ ಒಕ್ಕಲು ಭೂಮಿ ಹೋಯಿತು, ಮದುವೆ-ಮರಣಕ್ಕೆ ಕುಟುಂಬದ ಬಾಗಿಲು ಮುಚ್ಚಿತು. ಇವರಿಗೆ ಅನ್ನದ ದಾರಿ ಮಾಡಿಕೊಡಬೇಕಾದ ಅನಿವಾರ್ಯತೆಯಿಂದಲೇ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಹುಟ್ಟಿಕೊಂಡವು. ಮಂಗಳೂರು ಹೆಂಚು ದೇಶ-ವಿದೇಶಗಳಲ್ಲಿ ಹೆಸರಾಯಿತು. ಜಾತಿ, ಕಸುಬು ಎರಡನ್ನೂ ಬಿಟ್ಟು ಬಂದವರ ಕೈಗಳು ಆ ಮಣ್ಣನ್ನು ಮಿದಿದ್ದವು ಎನ್ನುವುದನ್ನು ನೆನಪಿಸಿಕೊಂಡವರು ಕಡಿಮೆ.

ಇಬ್ಬರು ಹೆಣ್ಣುಮಕ್ಕಳು

1844ರಲ್ಲಿ ಮಂಗಳೂರಿನ ವಕೀಲರೊಬ್ಬರ ಮಗ, ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಊರಿಗೆ ಊರೇ ಕಲಕಿಹೋಯಿತು. ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ್ದ ಆತ ಮುಂದೆ ಬಾಸೆಲಿಗೆ ಹೋಗಿ ಕಲಿತು, 1851ರಲ್ಲಿ ಗುರುದೀಕ್ಷೆ ಪಡೆದು, ಮರಳಿ ಬಂದು 1893ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ದುಡಿದರು. ಕೊಡಗಿನ ಆನಂದಪುರ ಅವರ ಹೆಸರನ್ನು ಇಂದಿಗೂ ಹೊತ್ತಿದೆ.

ಇದು ಪುಸ್ತಕಗಳಲ್ಲಿ ಬರುವ ಭಾಗ. ಬಾಲ್ಯದಲ್ಲೇ ಅವರ ಕೈಹಿಡಿದಿದ್ದ ಪತ್ನಿ ಹೊಸ ಹಾದಿಯಲ್ಲಿ ಅವರೊಂದಿಗೆ ಬರಲಿಲ್ಲ. ಆ ದಾಂಪತ್ಯ ಮುರಿಯಿತು. 1860ರಲ್ಲಿ ಅವರು ಜರ್ಮನಿಯ ಮೇರಿ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಊರಲ್ಲಿ ಉಳಿದ ಆ ಹೆಣ್ಣುಮಗಳು ಏನನ್ನು ನಂಬಿದಳು, ಏನನ್ನು ನುಂಗಿಕೊಂಡಳು ಎನ್ನುವುದನ್ನು ಕೇಳಿ ಬರೆದಿಟ್ಟವರಿಲ್ಲ. ಒಬ್ಬನ ವಿಶ್ವಾಸದ ಬೆಲೆಯನ್ನು ಮನೆಯಲ್ಲಿರುವ ಇನ್ನೊಬ್ಬರೂ ತೆರಬೇಕಾಗುತ್ತದೆ ಎನ್ನುವುದನ್ನು ಯಾವ ಧರ್ಮದವರೂ ಮರೆಯಬಾರದು.

ಅರ್ಧ ಶತಮಾನದ ಬಳಿಕ ನಮ್ಮ ಕರ್ಮಭೂಮಿಯಾದ ಮಹಾರಾಷ್ಟ್ರದಲ್ಲಿ ಇಂಥದೇ ಸಂಕಟಕ್ಕೆ ಸಿಕ್ಕಿದ ಇನ್ನೊಬ್ಬ ಹೆಣ್ಣುಮಗಳು ಮಾತ್ರ ಎಲ್ಲವನ್ನೂ ಬರೆದಿಟ್ಟಳು. ಮರಾಠಿ ಕವಿ ನಾರಾಯಣ ವಾಮನ ಟಿಳಕರಿಗೆ ರೈಲಿನ ಡಬ್ಬಿಯಲ್ಲಿ ಅಪರಿಚಿತನೊಬ್ಬ ಹೊಸ ಒಡಂಬಡಿಕೆಯ ಪುಸ್ತಕ ಕೊಟ್ಟಿದ್ದ. ಅದನ್ನು ಓದುತ್ತಾ ಹೋದ ಅವರು 1895ರಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಪತ್ನಿ ಲಕ್ಷ್ಮೀಬಾಯಿಯವರಿಗೆ ಆಕಾಶವೇ ಕಳಚಿಬಿತ್ತು. ಮಡಿ-ಮೈಲಿಗೆಯ ಮನೆಯಲ್ಲಿ ಬೆಳೆದ, ಅಕ್ಷರ ಅಷ್ಟಕ್ಕಷ್ಟೇ ಬಲ್ಲ ಹೆಂಗಸು. ಕೆಲವು ವರ್ಷ ಗಂಡನಿಂದ ದೂರವೇ ಉಳಿದರು. ಬಳಿಕ ಹತ್ತಿರ ಬಂದರೂ ಅಡುಗೆ, ನೀರು ಬೇರೆಯೇ ಇಟ್ಟುಕೊಂಡರು. ಗಂಡ ಒತ್ತಾಯಿಸಲಿಲ್ಲ. ಮನುಷ್ಯರನ್ನು ದೇವರು ಮಾಡಿದ, ಜಾತಿಯನ್ನು ಮಾಡಿದವರು ಮನುಷ್ಯರೇ ಎಂಬ ವಿಚಾರ ಅವರೊಳಗೆ ನಿಧಾನವಾಗಿ ಬಲಿಯಿತು. ಮೊದಲು ಬಿಟ್ಟದ್ದು ಮುಟ್ಟು-ಮೈಲಿಗೆಯನ್ನು. ದೀಕ್ಷಾಸ್ನಾನ ಬಂದದ್ದು ಅದರ ನಂತರ, 1900ರಲ್ಲಿ.

1919ರಲ್ಲಿ ಟಿಳಕರು ತೀರಿಕೊಂಡಾಗ ಅರ್ಧಕ್ಕೆ ನಿಂತಿದ್ದ 'ಕ್ರಿಸ್ತಾಯನ' ಕಾವ್ಯವನ್ನು ಪೂರ್ತಿಗೊಳಿಸಿದವರು ಇದೇ ಲಕ್ಷ್ಮೀಬಾಯಿ. ಅವರ ಆತ್ಮಕಥೆ 'ಸ್ಮೃತಿಚಿತ್ರೆ' ಮರಾಠಿಯ ಶ್ರೇಷ್ಠ ಕೃತಿಗಳಲ್ಲಿ ಒಂದು. ಅದರಲ್ಲಿ ಉಪದೇಶಕ್ಕಿಂತ ನಗು ಹೆಚ್ಚು, ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ಧೈರ್ಯ ಹೆಚ್ಚು. ಮರಾಠಿ ಬಲ್ಲ ನಮ್ಮ ಮಹಿಳಾ ವಿಭಾಗದವರು ಇದನ್ನೊಮ್ಮೆ ಓದಲೇಬೇಕು.

ಸಭಾಪಾಲಕರ ಸರ್ವಜ್ಞ

ಕ್ರೈಸ್ತನಾದವನು ನಾಡು-ನುಡಿಯಿಂದ ದೂರವಾಗುತ್ತಾನೆ ಎಂಬ ಮಾತಿಗೆ ಉತ್ತರವಾಗಿ ನಿಲ್ಲುವವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರ ಅಕ್ಟೋಬರ್ 28ರಂದು ಧಾರವಾಡದಲ್ಲಿ, ಲಿಂಗವಂತ ಮೂಲದ ಕ್ರೈಸ್ತ ಮನೆತನದಲ್ಲಿ ಹುಟ್ಟಿದರು. ಮಂಗಳೂರಿನಲ್ಲಿ ದೇವಶಾಸ್ತ್ರ ಕಲಿತು, ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿ ಉತ್ತರ ಕರ್ನಾಟಕದ ಊರೂರು ಸುತ್ತಿದರು. ಅದು ಕೈತುಂಬ ಸಂಬಳ ಬರುವ ಕೆಲಸವಾಗಿರಲಿಲ್ಲ.

ಸುವಾರ್ತೆ ಸಾರಲು ಹಳ್ಳಿಗೆ ಹೋದವರು ಹಳ್ಳಿಯವರ ಬಾಯಲ್ಲಿದ್ದ ಸರ್ವಜ್ಞನನ್ನು ಕೇಳಿಸಿಕೊಂಡರು. ತಾಳೆಗರಿ, ಹಳೆಯ ಹಸ್ತಪ್ರತಿಗಳನ್ನು ಹುಡುಕಿ, ಹೋಲಿಸಿ ನೋಡಿ, 1924ರಲ್ಲಿ ಸರ್ವಜ್ಞನ ವಚನಗಳ ಸಂಗ್ರಹವನ್ನು ಹೊರತಂದರು. ಇಂದು ನಮ್ಮ ಮಕ್ಕಳು ಸ್ಪರ್ಧೆಗಳಲ್ಲಿ ಹೇಳುವ ತ್ರಿಪದಿಗಳ ಹಿಂದೆ ಒಬ್ಬ ಪಾದ್ರಿಯ ವರ್ಷಗಟ್ಟಲೆ ಶ್ರಮ ಇದೆ. ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ಸಂಶಯ ಎದ್ದಾಗ, ಇತ್ತು ಎಂದು ಆಧಾರಸಹಿತ ಗ್ರಂಥ ಬರೆದವರೂ ಇವರೇ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಇವರನ್ನು ಅಧ್ಯಕ್ಷರನ್ನಾಗಿ ಗೌರವಿಸಿತು. 1962ರಲ್ಲಿ ತೀರಿಕೊಂಡರು. ಕ್ರಿಸ್ತನನ್ನು ಹೆಚ್ಚು ಹೆಚ್ಚು ಅರಿತುಕೊಂಡಂತೆ ಬಸವಣ್ಣನೂ ಸರ್ವಜ್ಞನೂ ಅವರಿಗೆ ಇನ್ನಷ್ಟು ಹತ್ತಿರವಾದರು ಎನ್ನುವುದರಲ್ಲಿ ಎರಡು ಮಾತಿಲ್ಲ.

ಒಂಬತ್ತು ಬುಧವಾರ

ಇನ್ನು ನಮ್ಮ ಪರಿಸರದ ಮಾತು. ಹಿರಿಯ ಮಹಿಳೆಯೊಬ್ಬರಿದ್ದಾರೆ, ಎಲ್ಲರೂ ಬಾಯಮ್ಮ ಎಂದೇ ಕರೆಯುವುದು. ಹೆಸರು ಬರೆಯಬೇಡಿ ಎಂದಿದ್ದಾರೆ. ಉಡುಪಿ ಕಡೆಯವರು. ತೊಂಬತ್ತರ ದಶಕದಲ್ಲಿ ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಾ ಬಂದಾಗ ಪತಿಯ ಕೆಲಸವೂ ಹೋಯಿತು. ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿದ್ದ ಕಾಲ.

ಮಾಹಿಮಿನ ಸೈಂಟ್ ಮೈಕೆಲ್ ಇಗರ್ಜಿಯಲ್ಲಿ 1948ರಿಂದ ಪ್ರತೀ ಬುಧವಾರ ನಿತ್ಯಸಹಾಯ ಮಾತೆಯ ನೊವೇನಾ ನಡೆಯುತ್ತಿದೆ. ಕ್ರೈಸ್ತರಷ್ಟೇ ಅಲ್ಲ, ಎಲ್ಲ ಜಾತಿ ಧರ್ಮದವರೂ ಅಲ್ಲಿ ಸಾಲು ನಿಲ್ಲುತ್ತಾರೆ. ಘಣಸೋಲಿಗೆ ಆಗ ಇನ್ನೂ ರೈಲು ಇರಲಿಲ್ಲ. ಥಾಣೆ-ವಾಶಿ ಗಾಡಿ ಓಡಲು ಆರಂಭವಾದದ್ದು 2004ರಲ್ಲಿ. ಬಸ್ಸು ಹಿಡಿದು, ಗಾಡಿ ಬದಲಿಸಿ ಬಾಯಮ್ಮ ಒಂಬತ್ತು ಬುಧವಾರ ಹೋದರು. ಪತಿಗೆ ಕೆಲಸ ಸಿಗಲಿಲ್ಲ. ಹತ್ತನೆಯ ಬುಧವಾರ ಹೋಗಲಿಲ್ಲ. ಮನೆಯಲ್ಲಿ ರಾತ್ರಿ ಹೇಳುವ ತೆರ್ಸ್, ಅಂದರೆ ಜಪಮಾಲೆಯನ್ನೂ ನಿಲ್ಲಿಸಿಬಿಟ್ಟರು. ಸುಮಾರು ಒಂದು ವರ್ಷ ದೇವರೊಂದಿಗೆ ಮಾತು ಬಿಟ್ಟಿದ್ದೆ ಎಂದು ಅವರು ಹೇಳುತ್ತಾರೆ.

ಆ ವರ್ಷ ಅವರ ಮನೆಯ ಒಲೆ ಉರಿದದ್ದು ನೆರೆಹೊರೆಯವರಿಂದ. ಪಕ್ಕದ ಕೋಳಿ ಸಮಾಜದ ಹೆಂಗಸು ಮೀನು ಕೊಟ್ಟು ಹಣ ಕೇಳಲಿಲ್ಲ. ನಮ್ಮ ಊರಿನವರೇ ಆದ ಹೊಟೇಲಿನವರೊಬ್ಬರು ಪತಿಗೆ ಕ್ಯಾಶ್ ಕೌಂಟರಿನಲ್ಲಿ ಕೂರಲು ಹೇಳಿದರು. ಕೇಳಿದ ಬಾಗಿಲಿನಿಂದ ಬರದಿದ್ದದ್ದು ಕೇಳದ ಬಾಗಿಲಿನಿಂದ ಬಂತಲ್ಲ ಎಂದು ಒಂದು ರಾತ್ರಿ ಹೊಳೆದಾಗ ಜಪಮಾಲೆಯನ್ನು ಮತ್ತೆ ಕೈಗೆತ್ತಿಕೊಂಡರಂತೆ. ಅಂದಿನಿಂದ ತನಗಾಗಿ ಏನನ್ನೂ ಬೇಡುವುದಿಲ್ಲ. ಮೊದಲಿನ ಪ್ರಾರ್ಥನೆ ಚೀಟಿ ಫಂಡಿಗೆ ಕಂತು ಕಟ್ಟಿದ ಹಾಗಿತ್ತು ಎಂದು ಅವರು ಹೇಳಿದಾಗ, ಬ್ಯಾಂಕಿನ ಕೌಂಟರಿನಲ್ಲೇ ವಯಸ್ಸು ಕಳೆದ ನನಗೆ ಆ ಮಾತು ಚೆನ್ನಾಗಿ ಅರ್ಥವಾಯಿತು. ನಾವೆಲ್ಲರೂ ದೇವಸ್ಥಾನಕ್ಕೆ ಹೋಗುವುದೂ ಬಹುಪಾಲು ಹೀಗೆಯೇ ಅಲ್ಲವೇ?

ಈಗ ಬಾಯಮ್ಮ ಆಸ್ಪತ್ರೆಗೆ ಸೇರಿದ ನಮ್ಮವರನ್ನು ನೋಡಲು ಹೋಗುತ್ತಾರೆ. ಊರಿನಿಂದ ಹೊಸದಾಗಿ ಬಂದು ಮರಾಠಿ, ಹಿಂದಿ ಬಾರದವರ ಜೊತೆ ಕೂರುತ್ತಾರೆ, ಗಂಜಿ ಕೊಂಡೊಯ್ಯುತ್ತಾರೆ. ರೋಗಿ ಯಾವ ಜಾತಿ ಎಂದು ಕೇಳುವುದಿಲ್ಲ. ಅವರ ಆಧ್ಯಾತ್ಮಿಕ ಬೆಳವಣಿಗೆ ಎಂದರೆ ಇಷ್ಟೇ, ಬೇಡುವ ಕೈ ಕೊಡುವ ಕೈಯಾದದ್ದು.

ಒಂದೇ ಒಂದು ಕೊರಗು ಅವರಿಗಿದೆ. ತಾಯಿ ಕೊಟ್ಟ ಕನ್ನಡ ಲಿಪಿಯ ಪ್ರಾರ್ಥನಾ ಪುಸ್ತಕವನ್ನು ಓದಬಲ್ಲವರು ಆ ಮನೆಯಲ್ಲಿ ಈಗ ಅವರೊಬ್ಬರೇ. ಮೊಮ್ಮಕ್ಕಳು ಪ್ರಾರ್ಥನೆಗೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ನಮ್ಮ ಭಜನಾ ಮಂಡಳಿಗಳಲ್ಲೂ ಹುಡುಗರು ದಾಸರ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಹಾಡುವುದನ್ನು ನೋಡುತ್ತಿದ್ದೇವೆ. ಈ ವಿಷಯದಲ್ಲಿ ಅವರ ನಷ್ಟ, ನಮ್ಮ ನಷ್ಟ ಎಂದು ಎರಡಿಲ್ಲ.

ಸಂಘಗಳು ಮಾಡಬಹುದಾದದ್ದು

ಸಂಘದ ಪದಾಧಿಕಾರಿಗಳಲ್ಲಿ ಎರಡು ವಿನಂತಿ. ಉತ್ತಂಗಿಯವರ ಜನ್ಮದಿನ ಅಕ್ಟೋಬರ್ 28, ರಾಜ್ಯೋತ್ಸವಕ್ಕೆ ನಾಲ್ಕೇ ದಿನ ಮೊದಲು. ನಮ್ಮ ರಾಜ್ಯೋತ್ಸವದ ವೇದಿಕೆಯಲ್ಲಿ ಹತ್ತು ನಿಮಿಷ ಅವರನ್ನು ಸ್ಮರಿಸಿದರೆ ಸಾಕು, ಹಾರ-ತುರಾಯಿಯ ಖರ್ಚೂ ಬೇಡ. ಎರಡನೆಯದಾಗಿ, ಹಿರಿಯ ಸದಸ್ಯರ ಸನ್ಮಾನದ ಪಟ್ಟಿಯಲ್ಲಿ ನಮ್ಮ ಕ್ರೈಸ್ತ ಹಿರಿಯರನ್ನೂ ಸೇರಿಸಿ. ಶಾಲು ಹೊದಿಸಿ ಕಳುಹಿಸುವ ಬದಲು ಅವರ ಬದುಕಿನ, ಪ್ರಾರ್ಥನೆಯ ಹಾದಿಯನ್ನು ಅವರ ಬಾಯಿಂದಲೇ ಹೇಳಿಸಿ, ಯಾರಾದರೂ ಕನ್ನಡದಲ್ಲಿ ಬರೆದುಕೊಳ್ಳಲಿ.

ಲಕ್ಷ್ಮೀಬಾಯಿ ಬರೆದಿಟ್ಟದ್ದರಿಂದ ಅವರ ಹಾದಿ ನಮಗೆ ಕಾಣುತ್ತದೆ. ಮಂಗಳೂರಿನ ಆ ಇನ್ನೊಬ್ಬ ಹೆಣ್ಣುಮಗಳನ್ನು ಯಾರೂ ಕೇಳಲಿಲ್ಲ, ಆಕೆಯ ಹಾದಿ ಮುಚ್ಚಿಹೋಯಿತು. ನಮ್ಮ ನಡುವಿನ ಬಾಯಮ್ಮಂದಿರಿಗೆ ಈಗ ಎಪ್ಪತ್ತು ದಾಟಿದೆ. ಅವರನ್ನು ಕೇಳಿಸಿಕೊಳ್ಳುವ ಕೆಲಸವನ್ನು ಮುಂದಿನ ವಾರ್ಷಿಕ ಮಹಾಸಭೆಯ ತನಕ ಮುಂದೂಡುವುದು ಬೇಡ.